ಹನ್ನೊಂದನೇ ಪುಟದಲ್ಲಿ ಸತ್ತ ಅತ್ತೆ

ಪುಸ್ತಕ ವಾಪಸ್ ಕೊಡುವಾಗ ಸುಮ್ಮನೆ ಕೊಟ್ಟು ಹೋದವರನ್ನು ನಾನು ಹದಿನೆಂಟು ವರ್ಷದಲ್ಲಿ ಕಂಡಿಲ್ಲ. ಜಯನಗರದ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಸಣ್ಣ ಲೈಬ್ರರಿ ಇದೆ. ಎಡಗಡೆ ಟೈಲರ್ ಅಂಗಡಿ, ಬಲಗಡೆ ಹಿಟ್ಟಿನ ಗಿರಣಿ, ನಡುವೆ ನಾನು ಮತ್ತು ಬಾಡಿಗೆಗೆ ಕೊಡುವ ನಾಲ್ಕು ಸಾವಿರ ಪುಸ್ತಕಗಳು. ಗಿರಣಿಯ ಕಡೆಯ ಕಪಾಟಿನಿಂದ ಯಾವ ಪುಸ್ತಕ ತೆಗೆದರೂ ರಾಗಿಹಿಟ್ಟು ಉದುರುತ್ತದೆ. ಹಿಟ್ಟನ್ನು ಝಾಡಿಸಿ ಕೊಟ್ಟರೆ ಓದುಗರು ಅಭಿಪ್ರಾಯ ಸೇರಿಸಿ ವಾಪಸ್ ಕೊಡುತ್ತಾರೆ. ಅಭಿಪ್ರಾಯಗಳನ್ನು ಝಾಡಿಸುವ ಉಪಾಯ ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ.

೧. ಗುರುತು

ಬಾಡಿಗೆ ಪುಸ್ತಕ ಓದುವವರಲ್ಲಿ ಒಂದು ಪದ್ಧತಿ ಇದೆ. ವಯಸ್ಸಾದವರು ವಾರಕ್ಕೆ ಮೂರು ಕಾದಂಬರಿ ಓದಿ ಮುಗಿಸುತ್ತಾರೆ, ಯಾವುದನ್ನು ಓದಿದ್ದೇವೆ ಎಂಬುದು ಮರೆತುಹೋಗುತ್ತದೆ. ಅದಕ್ಕೆ ಪ್ರತಿಯೊಬ್ಬರೂ ತಮ್ಮದೇ ಒಂದು ಪುಟ ಆರಿಸಿಕೊಂಡು, ಅದರ ಮೂಲೆಯಲ್ಲಿ ಗುಟ್ಟಾಗಿ ಒಂದು ಗುರುತು ಹಾಕಿರುತ್ತಾರೆ. ಪುಸ್ತಕ ತೆಗೆದುಕೊಳ್ಳುವ ಮೊದಲು ಆ ಪುಟ ತೆರೆದು ನೋಡುತ್ತಾರೆ. ಗುರುತಿದ್ದರೆ ವಾಪಸ್ ಕಪಾಟಿಗೆ. ಒಬ್ಬ ನಿವೃತ್ತ ಟೀಚರ್ ಮೂವತ್ತನೇ ಪುಟದಲ್ಲಿ ನಕ್ಷತ್ರ ಹಾಕುತ್ತಾರೆ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಇಪ್ಪತ್ತೈದನೇ ಪುಟದಲ್ಲಿ ಚೆಕ್ಕಿಗೆ ಹಾಕುವಂಥ ಪುಟ್ಟ ಸಹಿ ಹಾಕುತ್ತಾರೆ. ನನ್ನ ಅತ್ತೆಯೂ ಇದೇ ಲೈಬ್ರರಿಯ ಓದುಗರು. ಅವರು ನಲವತ್ತನಾಲ್ಕನೇ ಪುಟದಲ್ಲಿ, ಬೆಳಗಿನ ಪೂಜೆಯ ಕುಂಕುಮ ಬೆರಳಲ್ಲಿ ಉಳಿದಿರುತ್ತದಲ್ಲ, ಅದರಿಂದಲೇ ಒಂದು ಚುಕ್ಕೆ ಇಡುತ್ತಾರೆ. ಪುಸ್ತಕ ಹಾಳಾಗುತ್ತದೆ ಎಂದು ನಾನು ಮೊದಮೊದಲು ಜಗಳ ಆಡಿದೆ. ಆಮೇಲೆ ಬಿಟ್ಟೆ.

ಒಂದು ದಿನ ಬ್ಯಾಂಕಿನವರು ಒಂದು ಕಾದಂಬರಿ ಹಿಡಿದುಕೊಂಡು ಗರಂ ಆಗಿ ಬಂದರು. "ಮೇಡಂ, ಇದರಲ್ಲಿ ನನ್ನ ಸಹಿ ಇದೆ. ಆದ್ರೆ ನಾನಿದನ್ನ ಓದೇ ಇಲ್ಲ."

"ಸಾರ್, ಸಹಿ ಒಂದಲ್ಲ, ಎರಡಿದೆ. ನೀವು ಎರಡು ಸಲ ಓದಿದೀರಿ."

ಅವರು ಕನ್ನಡಕ ಏರಿಸಿ ಎರಡೂ ಸಹಿಗಳನ್ನು ಒಂದು ನಿಮಿಷ ಹೋಲಿಸಿ ನೋಡಿದರು. "ಟ್ಯಾಲಿ ಆಗ್ತಿಲ್ಲ ಮೇಡಂ," ಎಂದು ತೀರ್ಪು ಕೊಟ್ಟು, ಅದೇ ಪುಸ್ತಕವನ್ನು ಮೂರನೇ ಸಲ ಬರೆಸಿಕೊಂಡು ಹೋದರು.

೨. ನನ್ನ ಅಪರಾಧ

ಇಷ್ಟು ಜನರ ಅಭಿಪ್ರಾಯ ಕೇಳಿ ಕೇಳಿ ನನಗೂ ತಲೆ ಕೆಟ್ಟಿತ್ತು ಅಂತ ಕಾಣುತ್ತದೆ. ನಾನೇ ಒಂದು ಕಾದಂಬರಿ ಬರೆದುಬಿಟ್ಟೆ. ಹೆಸರು 'ಮೂರನೇ ಲೋಟ'. ಬನಶಂಕರಿಯ ಒಂದು ತುಂಬಿದ ಮನೆ, ಗೌರಿ ಹಬ್ಬದ ಬೆಳಿಗ್ಗೆ. ಮನೆಯ ಯಜಮಾನಿ, ಅಂದರೆ ಇಬ್ಬರು ಸೊಸೆಯರ ಅತ್ತೆ, ದಿನಾ ಕುಡಿಯುವ ಕಷಾಯ ಕುಡಿದು ಹನ್ನೊಂದನೇ ಪುಟದಲ್ಲಿ ಸಾಯುತ್ತಾರೆ. ಅಲ್ಲಿಂದ ಇನ್ನೂರ ಆರನೇ ಪುಟದವರೆಗೆ ಕೊಂದವರು ಯಾರು ಎಂಬ ಹುಡುಕಾಟ. ಅಡುಗೆಮನೆಯ ಮರದ ಕಿಟಕಿಯ ಮೇಲೆ ಯಾರೋ ತೊಳೆದ ಲೋಟವನ್ನು ಬೋರಲು ಹಾಕಿರುತ್ತಾರೆ. ಅದು ಬಿಟ್ಟ ದುಂಡನೆ ಕಲೆಯೇ ಕೊನೆಗೆ ಕೊಲೆಗಾರರನ್ನು ಹಿಡಿದುಕೊಡುತ್ತದೆ. ಈ ಸುಳಿವು ಹೊಳೆದ ದಿನ ನನ್ನ ತಲೆಯ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಪುಸ್ತಕದ ಮೇಲೆ ಒಂದು ಗಂಡು ಹೆಸರು ಹಾಕಿಸಿದೆ. ನಾನೇ ಬರೆದದ್ದು ಎಂದು ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. ಯಾಕೆ ಇಷ್ಟು ಗುಟ್ಟು ಅಂದರೆ, ನನ್ನ ಮನೆಯಲ್ಲೂ ಒಬ್ಬರು ಅತ್ತೆ ಇದ್ದಾರೆ. ಎಪ್ಪತ್ತಾರು ವರ್ಷ, ಗಟ್ಟಿ ಜೀವ. ಅವರೂ ದಿನಾ ಬೆಳಿಗ್ಗೆ ಕಷಾಯ ಕುಡಿಯುತ್ತಾರೆ. ಅದನ್ನು ಮಾಡಿಕೊಡುವವಳು ನಾನು. ಸಾಲದ್ದಕ್ಕೆ ಅವರಿಗೆ ಪತ್ತೇದಾರಿ ಕಾದಂಬರಿ ಅಂದರೆ ಪ್ರಾಣ. ನಾನು ಊಟಕ್ಕೆ ಮನೆಗೆ ಹೋದಾಗ ದಿನಾ ಒಂದೂವರೆ ಗಂಟೆ ಲೈಬ್ರರಿಯಲ್ಲಿ ಕೂರುವವರೂ ಅವರೇ. ಅವರು ಈ ಪುಸ್ತಕ ಓದಿದರೆ ನಾನು ಮಾರನೇ ದಿನ ಯಾವ ಮುಖ ಇಟ್ಟುಕೊಂಡು ಕಷಾಯದ ಲೋಟ ಕೊಡಲಿ? ಹಾಗಂತ ಲೈಬ್ರರಿಯಲ್ಲಿ ಇಡದಿದ್ದರೆ ಜನ ಏನನ್ನುತ್ತಾರೆ ಎಂದು ತಿಳಿಯುವುದು ಹೇಗೆ? ಬರೆದವರ ಚಪಲ ಬರೆದವರಿಗೇ ಗೊತ್ತು.

ಒಂದೇ ಒಂದು ಪ್ರತಿಯನ್ನು ತಂದು 'ಸ್ಪರ್ಧಾತ್ಮಕ ಪರೀಕ್ಷೆಗಳು' ಎಂದು ಬರೆದ ಕಪಾಟಿನಲ್ಲಿ, ಗಣಿತದ ಗೈಡುಗಳ ಹಿಂದೆ ಇಟ್ಟೆ. ಅತ್ತೆ ಆ ಕಡೆ ಸುಳಿಯುವ ಪೈಕಿ ಅಲ್ಲ. ಕೇಳಿದವರಿಗೆ ಮಾತ್ರ ಮೆಲ್ಲಗೆ ತೆಗೆದು ಕೊಡುತ್ತಿದ್ದೆ. ಒಮ್ಮೆ ಅತ್ತೆಯೇ ಕೇಳಿದರು, "ಮೂರನೇ ಲೋಟ ಅಂತ ಒಂದು ಬಂದಿದೆಯಂತಲ್ಲ, ನಮ್ಮಲ್ಲಿದೆಯಾ?" ನಾನು, "ಅಯ್ಯೋ ಅದು ಚೆನ್ನಾಗಿಲ್ಲ ಅತ್ತೆ, ಬೋರು," ಎಂದುಬಿಟ್ಟೆ. ನನ್ನ ಕಾದಂಬರಿಗೆ ಬಂದ ಮೊದಲ ವಿಮರ್ಶೆ ಅದು.

ಎರಡನೆಯ ವಿಮರ್ಶೆ ಬಿಟಿಎಂನ ಪಿಜಿಯಲ್ಲಿದ್ದು ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದ ಯುವತಿಯಿಂದ ಬಂತು. ಎರಡು ಗೈಡುಗಳನ್ನು ಎಳೆದಾಗ ನನ್ನ ಪುಸ್ತಕವೂ ಜೊತೆಗೆ ಬಂದಿತ್ತು, ಮೂರನ್ನೂ ಬರೆಸಿಕೊಂಡು ಹೋದಳು. ಒಂದು ತಿಂಗಳ ಮೇಲೆ ಬಂದು, "ಮೇಡಂ, ಮೂರರಲ್ಲಿ ಇದೊಂದನ್ನೇ ನಾನು ಪೂರ್ತಿ ಓದಿದ್ದು. ಸಖತ್ತಾಗಿದೆ," ಎಂದಳು.

ನನಗೆ ಖುಷಿ ತಡೆಯಲಾಗಲಿಲ್ಲ. "ಪರೀಕ್ಷೆ ಹೇಗಾಯ್ತಮ್ಮ?"

"ಮುಂದಿನ ವರ್ಷ ಬರೀತೀನಿ ಮೇಡಂ," ಎಂದಳು.

೩. ಮನೆ ನೋಡಿದವರು

ನಮ್ಮ ಕಟ್ಟಡದ ಓನರ್ ಯಡಿಯೂರಿನ ಹಳೇ ಮನೆತನದವರು. ಈಗ ರಸ್ತೆಗಳಿರುವ ಕಡೆ ಅವರ ತಾತ ಸೊಪ್ಪು ಬೆಳೆಯುತ್ತಿದ್ದರಂತೆ. ಪುಸ್ತಕದ ಅಭ್ಯಾಸ ಅವರಿಗಿಲ್ಲ. ಒಂದು ದಿನ ಸಂಪಿನ ನೀರು ನೋಡಲು ಬಂದಾಗ, ಇಬ್ಬರು ಹೆಂಗಸರು 'ಮೂರನೇ ಲೋಟ' ನನಗೆ ಮೊದಲು, ನನಗೆ ಮೊದಲು ಎಂದು ಕಿತ್ತಾಡುತ್ತಿದ್ದದ್ದನ್ನು ಕಂಡರು. "ಏನಮ್ಮ ಅಂಥಾದ್ದಿದೆ ಇದರಲ್ಲಿ? ಕೊಡು ನೋಡಾಣ," ಎಂದು ಇಬ್ಬರಿಗೂ ಸಿಗದಂತೆ ತಾವೇ ತೆಗೆದುಕೊಂಡು ಹೋದರು. ಓನರ್‌ಗೆ ಇಲ್ಲ ಅನ್ನಲು ಯಾರಿಗೆ ಧೈರ್ಯ?

ಮೂರು ವಾರ ಬಿಟ್ಟು ಬಂದರು. ಕೈಯಲ್ಲಿ ಪುಸ್ತಕ, ಜೊತೆಗೆ ಒಂದು ಮದುವೆ ಆಹ್ವಾನ ಪತ್ರಿಕೆ. ಪತ್ರಿಕೆಯ ಹಿಂದೆ ಪೆನ್ನಿನಲ್ಲಿ ಒಂದು ಮನೆಯ ನಕ್ಷೆ.

"ಪೂರ್ತಿ ಓದ್ದೆ ಕಣಮ್ಮ. ಈ ಪುಣ್ಯಾತ್ಮ ಬರ್ದೋನು ಜೀವಮಾನದಲ್ಲಿ ಒಂದು ಮನೆ ಕಟ್ಸಿಲ್ಲ. ಥರ್ಟಿ ಫಾರ್ಟಿ ಸೈಟು ಅಂತಾನೆ. ಹಿಂದೆ ಬಾವಿಯಂತೆ, ಮುಂದೆ ಹೂವಿನ ತೋಟವಂತೆ, ಮಧ್ಯ ಆರು ರೂಮಂತೆ. ಹೆಂಗೆ ಹಿಡಿಸ್ತಾನೆ? ನಾನು ಬರ್ದು ನೋಡ್ದೆ, ನಾಕನೇ ರೂಮು ಪಕ್ಕದ ಸೈಟಿಗೆ ಹೋಯ್ತದೆ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಳತೆ ಹಾಕಿದ್ದೇ ಇಲ್ಲ ನಾನು. "ಕತೆ ಹೇಗಿತ್ತು ಸಾರ್?" ಎಂದೆ.

"ಕತೆಗೇನು ಬಂತು. ಅಡುಗೆಮನೆ ಈಶಾನ್ಯದಾಗೆ ಮಡಗವ್ನೆ. ಹಂಗಿದ್ದಮೇಲೆ ಯಜಮಾನಿ ಸಾಯ್ದೆ ಏನು ಮಾಡ್ತಾಳೆ? ಸೊಸೆ ಮೇಲೆ, ಅಡುಗೆಯವನ ಮೇಲೆ ಯಾಕೆ ಅನುಮಾನ ಪಡ್ಬೇಕು?"

"ಆದ್ರೆ ಕೊಂದಿದ್ದು ಯಾರು ಅಂತ ಕೊನೇಲಿ ಗೊತ್ತಾಗುತ್ತಲ್ಲ ಸಾರ್."

"ಹೂಂ, ಯಾರೋ ಒಬ್ರು. ಅದಿರ್ಲಿ." ಓನರ್ ಹತ್ತಿರ ಬಂದು ದನಿ ತಗ್ಗಿಸಿದರು. "ಕೊಲೆಯಾದ ಮನೆ ಅಂದ್ರೆ ಯಾರೂ ಬರಾಕಿಲ್ಲ, ಕಮ್ಮಿಗೆ ಬಿಟ್ಟುಬಿಡ್ತಾರೆ. ಬರ್ದೋನ ಪರಿಚಯ ಇದ್ರೆ ಆ ಮನೆ ಅಡ್ರೆಸ್ ಕೇಳಿ ಕೊಡಮ್ಮ."

೪. ಈರುಳ್ಳಿ

ನಕ್ಷತ್ರ ಹಾಕುವ ಟೀಚರ್ ಎಂದೆನಲ್ಲ, ಅವರು ನಲವತ್ತು ವರ್ಷ ಮಕ್ಕಳ ಪೇಪರ್ ತಿದ್ದಿದವರು. ನಿವೃತ್ತರಾದ ಮೇಲೂ ಕೈ ಸುಮ್ಮನಿರುವುದಿಲ್ಲ. ಕಾದಂಬರಿಗಳಿಗೂ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಅವರಿಂದ ಅರವತ್ತು ದಾಟಿದ ಪುಸ್ತಕ ನನ್ನ ಲೈಬ್ರರಿಯಲ್ಲಿ ಎರಡೋ ಮೂರೋ.

ಅವರು 'ಮೂರನೇ ಲೋಟ'ವನ್ನು ಮೇಜಿನ ಮೇಲೆ ಕುಕ್ಕಿ, "ಎಂಟು," ಎಂದರು.

"ಹತ್ತಕ್ಕೆ ಎಂಟಾ ಮೇಡಂ?"

"ನೂರಕ್ಕೆ."

ಕತೆ ಸರಿಯಿಲ್ಲವೇ, ಭಾಷೆ ಸರಿಯಿಲ್ಲವೇ, ಕೊಲೆಯ ವಿಧಾನ ನಂಬುವ ಹಾಗಿಲ್ಲವೇ ಎಂದು ಒಂದೊಂದಾಗಿ ಕೇಳಿದೆ. ಎಲ್ಲಕ್ಕೂ ಅವರು ತಲೆ ಅಡ್ಡ ಆಡಿಸಿದರು. ಭಾಷೆ ಚೆನ್ನಾಗಿದೆಯಂತೆ. ಕೊಲೆಯೂ ಅಚ್ಚುಕಟ್ಟಾಗಿದೆಯಂತೆ.

"ಮತ್ತೆ?"

"ನಲವತ್ತೊಂದನೇ ಪುಟ ತೆಗೀರಿ. ಗೌರಿ ಹಬ್ಬದ ದಿನ. ಪೊಲೀಸ್ ಇನ್‌ಸ್ಪೆಕ್ಟರ್ ಅಡುಗೆಮನೆಗೆ ಬರ್ತಾನೆ. ಒಲೆ ಮೇಲೆ ಏನಿದೆ? ಓದಿ."

ನಾನೇ ಬರೆದದ್ದನ್ನು ನಾನೇ ಓದಿದೆ. ಒಲೆಯ ಮೇಲೆ ಈರುಳ್ಳಿ ಹುಳಿ ಕುದಿಯುತ್ತಿತ್ತು.

"ಕೊಲೆ ಇರ್ಲಿ ಬಿಡಿ," ಎಂದರು ಟೀಚರ್, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಮನೆ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಆದ್ರೆ ಗೌರಿ ಹಬ್ಬದ ದಿನ ಈರುಳ್ಳಿನಾ?"

ನಾನು ತಡವರಿಸಿ, "ಬರೆದವರು ಗಂಡಸರಲ್ವಾ ಮೇಡಂ, ಅವರಿಗೇನು ಗೊತ್ತಾಗುತ್ತೆ," ಎಂದೆ.

"ಅದಕ್ಕೇ ಎಂಟು ಕೊಟ್ಟೆ," ಎಂದರು ಅವರು. "ಹೆಂಗಸು ಬರೆದಿದ್ರೆ ಸೊನ್ನೆ."

೫. ಬಹುಮತ

ಒಂದು ದಿನ ಪುಸ್ತಕ ವಾಪಸ್ ಬಂದಾಗ ಒಂಬತ್ತನೇ ಪುಟ ನೋಡಿ ನನ್ನ ಜೀವ ಹೋಯಿತು. ಯಾರೋ ಮಹಾನುಭಾವರು ಪೆನ್ಸಿಲ್ಲಿನಲ್ಲಿ, ದಪ್ಪ ಅಕ್ಷರದಲ್ಲಿ, ಕೊಂದವರು ಯಾರು ಎಂದು ಬರೆದುಬಿಟ್ಟಿದ್ದರು. ಸಾಯುವವರು ಇನ್ನೂ ಸತ್ತಿಲ್ಲ, ಎರಡು ಪುಟ ಬಾಕಿ ಇದೆ, ಅಷ್ಟರಲ್ಲೇ ಕೊಲೆಗಾರರ ಹೆಸರು! ಬೆಂಗಳೂರಿನ ಜನಕ್ಕೆ ಇಷ್ಟೊಂದು ಅವಸರ ಯಾಕೋ.

ರಬ್ಬರಿನಲ್ಲಿ ಉಜ್ಜಿದೆ. ಅಕ್ಷರ ಹೋಯಿತು, ಒತ್ತಿ ಬರೆದ ಗೀರು ಉಳಿಯಿತು. ಬೆಳಕಿಗೆ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಕೊನೆಗೆ ಒಂದು ಉಪಾಯ ಮಾಡಿದೆ. ಆ ಗೀರಿನ ಮೇಲೆಯೇ ಒಂದು ಸಲ ಬಲಗೈಯಲ್ಲಿ 'ಅಡುಗೆಯವನು' ಎಂದು ಬರೆದೆ. ಅದರ ಕೆಳಗೆ ಎಡಗೈಯಲ್ಲಿ 'ಅಲ್ಲ, ಮಹಡಿಯ ಬಾಡಿಗೆಯವರು'. ಅದರ ಕೆಳಗೆ ವಾರೆಯಾಗಿ 'ನನಗೂ ಅಡುಗೆಯವನ ಮೇಲೇ ಅನುಮಾನ'. ನಾಲ್ಕನೆಯದಾಗಿ 'ದೊಡ್ಡ ಮಗ'. ಐದನೆಯದಾಗಿ, ಕೈ ನೋಯುತ್ತಿದ್ದುದರಿಂದ, ಬರೀ 'ಅಡುಗೆಯವನೇ'. ಇನ್ನು ಯಾವುದು ನಿಜ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ನಿಟ್ಟುಸಿರು ಬಿಟ್ಟೆ.

ಮುಂದೆ ಪುಸ್ತಕ ಓದಿದವರು ಬ್ಯಾಂಕಿನವರು. ವಾಪಸ್ ತಂದಾಗ ಮುಖ ಗಂಭೀರವಾಗಿತ್ತು.

"ಮೇಡಂ, ಈ ಲೇಖಕರಿಗೆ ಒಂದು ಪತ್ರ ಬರೀಬೇಕು."

"ಯಾಕೆ ಸಾರ್?"

"ಒಂಬತ್ತನೇ ಪುಟದಲ್ಲಿ ಐದು ಜನ ಓದುಗರು ಅಭಿಪ್ರಾಯ ಕೊಟ್ಟಿದ್ದಾರೆ. ಅಡುಗೆಯವನಿಗೆ ಮೂರು ಮತ. ಬಾಡಿಗೆಯವರಿಗೆ ಒಂದು, ದೊಡ್ಡ ಮಗನಿಗೆ ಒಂದು. ಸ್ಪಷ್ಟ ಬಹುಮತ. ನಾನೂ ಅಡುಗೆಯವನೇ ಅಂದ್ಕೊಂಡು ಓದಿದೆ. ಕೊನೇಲಿ ನೋಡಿದ್ರೆ ಲೇಖಕರು ಬೇರೆಯವರನ್ನ ಅರೆಸ್ಟ್ ಮಾಡಿಸಿದ್ದಾರೆ."

"ಸಾರ್, ಬರೆದವರು ಅವರು. ಕೊಂದವರು ಯಾರು ಅಂತ ಅವರಿಗಲ್ವಾ ಗೊತ್ತಿರೋದು?"

"ಅದು ಸರಿ ಮೇಡಂ," ಎಂದರು ಬ್ಯಾಂಕಿನವರು. "ಆದ್ರೆ ಐದು ಜನ ಸುಳ್ಳು ಹೇಳ್ತಾರಾ?"

೬. ಕಾಫಿ ಕಲಿತ ಗಂಡ

ಜೆ.ಪಿ. ನಗರದಿಂದ ಬರುವ ಒಂದು ದಂಪತಿ ಇದ್ದಾರೆ. ಮದುವೆಯಾಗಿ ಎರಡು ವರ್ಷವಾಗಿರಬಹುದು. ಇಬ್ಬರಿಗೂ ಕೆಲಸ, ಶನಿವಾರ ಬೆಳಿಗ್ಗೆ ಬೈಕಿನಲ್ಲಿ ಬಂದು ಹೆಂಡತಿ ಪುಸ್ತಕ ಆರಿಸುತ್ತಾಳೆ, ಗಂಡ ಹೊರಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಾನೆ. ಅವನ ಕೈಗೆ ಪುಸ್ತಕ ಹತ್ತಿಸಬೇಕೆಂದು ಅವಳಿಗೆ ಬಹಳ ಆಸೆ. 'ಮೂರನೇ ಲೋಟ' ಕೊಟ್ಟು, "ತೆಳ್ಳಗಿದೆ, ಓದಿಸಿ ನೋಡಮ್ಮ," ಎಂದೆ.

ಮುಂದಿನ ಶನಿವಾರ ಇಬ್ಬರೂ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಮೂರನೇ ವಾರ ಅವಳೊಬ್ಬಳೇ ಆಟೋದಲ್ಲಿ ಬಂದಳು. ನನಗೆ ಒಳಗೊಳಗೇ ಭಯ. ನನ್ನ ಪುಸ್ತಕದಿಂದ ಒಂದು ಸಂಸಾರ ಎರಡಾಯಿತೇ?

"ಓದಿದ್ರಾ ಅವರು?"

"ಓದಿದ್ರು ಆಂಟಿ. ಎರಡೇ ದಿನದಲ್ಲಿ. ಮೂರನೇ ದಿನ ಬೆಳಿಗ್ಗೆ ನಾನು ಕಾಫಿ ಕೊಟ್ರೆ ಲೋಟ ಹಿಡ್ಕೊಂಡು ನನ್ನನ್ನೇ ನೋಡ್ತಾ ನಿಂತ್ರು. ಆಮೇಲೆ 'ನಾಳೆಯಿಂದ ನೀನ್ಯಾಕೆ ಕಷ್ಟಪಡ್ತೀಯ, ಕಾಫಿ ನಾನೇ ಮಾಡ್ತೀನಿ' ಅಂದ್ರು. ಹಿಂದಿನ ಸಂಜೆ ಸ್ವಲ್ಪ ಜಗಳ ಆಗಿತ್ತು ಅನ್ನಿ."

"ಅಯ್ಯೋ ದೇವರೇ. ನಾನೇ ಅವರ ಹತ್ತಿರ ಮಾತಾಡ್ಲಾ? ಅದು ಬರೀ ಕತೆ ಅಂತ ಹೇಳ್ತೀನಿ."

"ದಯವಿಟ್ಟು ಬೇಡ ಆಂಟಿ!" ಎಂದು ಅವಳು ನನ್ನ ಕೈ ಹಿಡಿದುಕೊಂಡಳು. "ಈಗ ಬೆಳಿಗ್ಗೆ ಆರೂವರೆಗೆ ಎದ್ದು ಇಬ್ಬರಿಗೂ ಕಾಫಿ ಮಾಡ್ತಾರೆ. ಡಿಕಾಕ್ಷನ್ನೂ ಅವರೇ ಹಾಕ್ತಾರೆ. ಇವತ್ತು ಹಾಲು ತರೋಕೆ ಹೋಗಿದ್ದಾರೆ, ಅದಕ್ಕೇ ನಾನೊಬ್ಬಳೇ ಬಂದೆ." ಆಮೇಲೆ ಕಪಾಟುಗಳ ಕಡೆ ಕಣ್ಣಾಡಿಸಿ ಕೇಳಿದಳು, "ತೊಳೀದೆ ಬಿಟ್ಟ ಪಾತ್ರೆಯಿಂದ ಯಾರಾದ್ರೂ ಸಾಯೋ ಥರದ್ದು ಯಾವುದಾದ್ರೂ ಇದೆಯಾ ಆಂಟಿ?"

೭. ಕೊನೆಯ ಪುಟದ ವಕೀಲರು

ಪ್ರತಿ ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಹಾಳೆ ಇರುತ್ತದೆ. ಅದರಲ್ಲಿ ಓದುಗರು ಅಭಿಪ್ರಾಯ ಬರೆಯಲಿ ಎಂದು ನನ್ನ ಮೇಜಿಗೆ ದಾರ ಕಟ್ಟಿ ಒಂದು ಪೆನ್ಸಿಲ್ ಇಟ್ಟಿದ್ದೇನೆ. 'ಮೂರನೇ ಲೋಟ'ದ ಕೊನೆಯ ಹಾಳೆ ಎರಡೇ ತಿಂಗಳಲ್ಲಿ ಅರ್ಧ ತುಂಬಿತು. ಓದುವಾಗ ಒಂದೊಂದು ಸಾಲಿಗೂ ನನಗೆ ಒಂದೊಂದು ಚುಚ್ಚು.

ಒಂದು ದಿನ ನೋಡಿದರೆ, ಬೈದ ಪ್ರತಿಯೊಂದು ಸಾಲಿನ ಕೆಳಗೂ ಯಾರೋ ಸಣ್ಣ ಅಕ್ಷರದಲ್ಲಿ ಉತ್ತರ ಬರೆದಿದ್ದಾರೆ. 'ಹಬ್ಬಕ್ಕೆ ಈರುಳ್ಳಿ! ಛೆ!' ಎಂದಿದ್ದ ಕಡೆ, 'ಕೊಲೆ ಮಾಡುವ ಮನೆಯಲ್ಲಿ ಮಡಿ ಎಲ್ಲಿಂದ ಬರಬೇಕು?' 'ಅತ್ತೆಯ ಪಾತ್ರಕ್ಕೆ ಅನ್ಯಾಯವಾಗಿದೆ' ಎಂದಿದ್ದ ಕಡೆ, 'ಆಗಿದೆ. ಆದರೂ ಬರೆಯಲು ಬರುತ್ತದೆ.' ಮತ್ತೆ, 'ಬರೆದವರಿಗೆ ಸಂಸಾರದ ಅನುಭವ ಸಾಲದು' ಎಂಬುದರ ಕೆಳಗೆ, 'ಇಪ್ಪತ್ತೆರಡು ವರ್ಷದ ಅನುಭವ ಇದೆ.'

ನನ್ನ ಮದುವೆಯಾಗಿ ಇಪ್ಪತ್ತೆರಡು ವರ್ಷ. ಅದು ಗೊತ್ತಿದ್ದು, ಪುಸ್ತಕ ಬರೆದವಳು ನಾನು ಅಂತಲೂ ಗೊತ್ತಿರುವವರು ಒಬ್ಬರೇ. ನನ್ನ ಗಂಡ. ಬಾಯಿ ಬಿಟ್ಟು ಒಂದು ದಿನ ಚೆನ್ನಾಗಿದೆ ಅನ್ನದ ಮನುಷ್ಯ, ಕದ್ದು ಬಂದು ನನ್ನ ಪರವಾಗಿ ವಾದ ಮಾಡಿದ್ದಾರೆ! ಕಣ್ಣು ತುಂಬಿ ಬಂತು. ಆ ದಿನ ಅವರಿಗೆ ಇಷ್ಟವಾದ ಅವರೆಕಾಳು ಉಪ್ಪಿಟ್ಟು ಮಾಡಿ, ತುಪ್ಪ ಹಾಕಿ ತಟ್ಟೆ ಮುಂದಿಟ್ಟು, "ಥ್ಯಾಂಕ್ಸ್ ರೀ," ಎಂದೆ.

"ಯಾಕೆ?"

"ಕೊನೇ ಪುಟದಲ್ಲಿ ಬರೆದಿದ್ದಕ್ಕೆ."

ಅವರು ಉಪ್ಪಿಟ್ಟಿನ ಕಡೆಯೇ ನೋಡುತ್ತಾ, "ನೋಡು, ಕೋಪ ಮಾಡ್ಕೋಬೇಡ," ಎಂದರು. "ನಾನಿನ್ನೂ ಹತ್ತನೇ ಪುಟದಲ್ಲೇ ಇದೀನಿ. ಯಾರಾದ್ರೂ ಸಾಯ್ತಾರಾ ಇದರಲ್ಲಿ?"

ಪುಸ್ತಕ ಬಂದು ಐದು ತಿಂಗಳಾಗಿತ್ತು. ಮೊದಲ ಪುಟದಲ್ಲಿ 'ನನ್ನ ಮೊದಲ ಓದುಗನಿಗೆ' ಎಂದು ಅರ್ಪಣೆ ಮಾಡಿದ್ದೆ. ಅದು ಯಾರು ಅಂತಲೂ ಅವರು ಕೇಳಿದರು.

೮. ಕುಂಕುಮ

ಆಯುಧಪೂಜೆಯ ಹಿಂದಿನ ದಿನ ಲೈಬ್ರರಿಯ ಪುಸ್ತಕಗಳನ್ನೆಲ್ಲ ಇಳಿಸಿ, ಕಪಾಟು ಒರೆಸಿ, ಮತ್ತೆ ಜೋಡಿಸುತ್ತೇವೆ. ನಾನು ಸ್ಟೂಲಿನ ಮೇಲೆ ನಿಂತು ಇಳಿಸುವುದು, ಅತ್ತೆ ಕೆಳಗೆ ಕುರ್ಚಿಯಲ್ಲಿ ಕೂತು ಒಣಬಟ್ಟೆಯಲ್ಲಿ ಹಿಟ್ಟು ಒರೆಸುವುದು. ಸ್ಪರ್ಧಾತ್ಮಕ ಪರೀಕ್ಷೆಗಳ ಕಪಾಟಿಗೆ ಬಂದಾಗ, ಅತ್ತೆಗೆ ಕಾಣದಂತೆ 'ಮೂರನೇ ಲೋಟ'ವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋದೆ. ಕೈ ಜಾರಿತು. ಪುಸ್ತಕ ನೆಲಕ್ಕೆ ಬಿದ್ದು ನಡುವೆ ತೆರೆದುಕೊಂಡಿತು.

ಇಳಿದು ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತೆ. ನಲವತ್ತನಾಲ್ಕನೇ ಪುಟ. ಮೂಲೆಯಲ್ಲಿ ಕುಂಕುಮದ ಚುಕ್ಕೆ. ಒಂದಲ್ಲ, ಮೂರು. ಮೂರು ಸಲ ಓದಿದ್ದಾರೆ!

ತಲೆ ಎತ್ತಿದರೆ ಅತ್ತೆ ಒಂದು ನಿಘಂಟನ್ನು ನಿಧಾನವಾಗಿ ಒರೆಸುತ್ತಿದ್ದರು. ಮುಖದಲ್ಲಿ ಏನೂ ಇಲ್ಲ.

"ಅತ್ತೆ, ಇದನ್ನ ಯಾವಾಗ ಓದಿದ್ರಿ?"

"ನೀನು ಊಟಕ್ಕೆ ಹೋದಾಗ."

"ಇಲ್ಲಿದೆ ಅಂತ ಹೇಗೆ ಗೊತ್ತಾಯ್ತು?"

"ಎಪ್ಪತ್ತು ವರ್ಷದ ಮುದುಕಿಯರೆಲ್ಲ ಬಂದು ಸ್ಪರ್ಧಾತ್ಮಕ ಪರೀಕ್ಷೆ ಕಪಾಟಲ್ಲಿ ತಡಕಾಡಿದ್ರೆ ಅನುಮಾನ ಬರಲ್ವಾ? ಈ ವಯಸ್ಸಲ್ಲಿ ಇವರಿಗೆ ಯಾವ ಕೆಲಸ ಕೊಡ್ತಾರೆ ಅಂತ ನೋಡೋಕೆ ಹೋದೆ."

ಇನ್ನೂ ಒಂದು ಆಸೆ ಉಳಿದಿತ್ತು. ಬರೆದದ್ದು ನಾನು ಎಂದು ಗೊತ್ತಾಗಿರಲಾರದು. ಪುಸ್ತಕದ ಮೇಲೆ ಗಂಡು ಹೆಸರಿದೆಯಲ್ಲ. ಧೈರ್ಯ ಮಾಡಿ, "ಯಾರೋ ಹೊಸಬರು ಬರೆದಿರೋದು ಅತ್ತೆ," ಎಂದೆ.

ಅತ್ತೆ ನಿಘಂಟನ್ನು ಪಕ್ಕಕ್ಕಿಟ್ಟರು. "ಹದಿನೇಳನೇ ಪುಟಕ್ಕೆ ಬಂದಾಗ್ಲೇ ನನಗೆ ಗೊತ್ತಾಯ್ತು. ತೊಳೆದ ಲೋಟ ಒದ್ದೆ ಒದ್ದೆಯಾಗಿ ಮರದ ಕಿಟಕಿ ಮೇಲೆ ಬೋರಲು ಹಾಕೋದು ಈ ಜಯನಗರದಲ್ಲಿ ಯಾರು? ಇಪ್ಪತ್ತೆರಡು ವರ್ಷದಿಂದ ಹೇಳ್ತಾ ಇದೀನಿ, ಕಲೆ ಬೀಳುತ್ತೆ, ಹಾಗೆ ಹಾಕ್ಬೇಡ ಅಂತ. ಕೇಳಿದ್ಯಾ? ನೋಡು ಈಗ, ಸಿಕ್ಕಾಕೊಂಡೆ."

ನನ್ನ ತಲೆಗೆ ಹೊಳೆದದ್ದೆಂದು ನಾನು ಹೆಮ್ಮೆಪಟ್ಟ ಆ ಸುಳಿವು ನನ್ನದೇ ಅಡುಗೆಮನೆಯದು. ದಿನಾ ಬೈಸಿಕೊಂಡದ್ದನ್ನೇ ಕತೆಯಲ್ಲಿ ಬರೆದಿದ್ದೆ, ಅದೂ ಕೊಲೆಗಾರರ ಕೈಯಲ್ಲಿ ಮಾಡಿಸಿದ್ದೆ, ಬರೆದ ನನಗೇ ಗೊತ್ತಾಗಿರಲಿಲ್ಲ. ಕೊನೆಯ ಪುಟದ ವಕೀಲರು ಯಾರೆಂಬುದೂ ಆಗಲೇ ಗೊತ್ತಾಯಿತು. ಇನ್ನೊಂದು ವಿಷಯವೂ ನೆನಪಾಯಿತು. ಇಷ್ಟು ತಿಂಗಳಿಂದ ಎಲ್ಲ ಗೊತ್ತಿದ್ದೂ ಅತ್ತೆ ದಿನಾ ಬೆಳಿಗ್ಗೆ ನನ್ನ ಕೈಯಿಂದ ಕಷಾಯದ ಲೋಟ ತೆಗೆದುಕೊಂಡಿದ್ದರು, ಒಂದು ಹನಿ ಬಿಡದೆ ಕುಡಿದಿದ್ದರು. ನಾಚಿಕೆ, ದುಃಖ ಎರಡೂ ಒಟ್ಟಿಗೆ ಬಂದು ಸ್ಟೂಲಿನ ಮೇಲೆಯೇ ಕೂತು ಅತ್ತುಬಿಟ್ಟೆ.

"ಅಳೋದಾದ್ರೆ ಆ ಕಡೆ ತಿರುಗಿ ಅಳು," ಎಂದರು ಅತ್ತೆ. "ಪುಸ್ತಕ ನೆನೆಯುತ್ತೆ."

"ತಪ್ಪಾಯ್ತು ಅತ್ತೆ. ನಿಮ್ಮ ಮೇಲೆ ಕೋಪದಿಂದ ಬರೆದಿದ್ದಲ್ಲ. ಕತೆಗೆ ಒಂದು ಸಾವು ಬೇಕಿತ್ತು."

"ನನ್ನ ಕೊಂದಿದ್ದಕ್ಕೆ ಬೇಜಾರಿಲ್ಲ ಕಣೆ. ಮನೇಲಿ ಯಾರಾದ್ರೂ ಸಾಯ್ಬೇಕು ಅಂದ್ರೆ ಹಿರಿಯರೇ ಸಾಯ್ಲಿ, ಅದು ಸರಿಯೇ. ಆದ್ರೆ ಹನ್ನೊಂದನೇ ಪುಟಕ್ಕೇ ಕೊಂದ್ಯಲ್ಲ! ಇನ್ನೂರು ಪುಟದ ಪುಸ್ತಕ. ಅಡುಗೆಯವನಿಗೆ ಎರಡು ಅಧ್ಯಾಯ ಕೊಟ್ಟಿದೀಯ. ಮಹಡಿ ಮೇಲಿನ ಬಾಡಿಗೆಯವನಿಗೆ ಪ್ರೇಮಪ್ರಸಂಗ ಬೇರೆ. ನನಗೆ? 'ಕಷಾಯ ತಣ್ಣಗಾಗಿದೆ.' ಅಷ್ಟೇ ನನ್ನ ಮಾತು. ಅಷ್ಟು ಅಂದು ಸತ್ತೆ. ಮೂರು ಸಲ ಓದಿದೆ, ಎಲ್ಲಾದ್ರೂ ಇನ್ನೊಂದು ಮಾತು ಸಿಗುತ್ತಾ ಅಂತ."

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಅತ್ತೆಯೂ ನಕ್ಕರು. ಪಕ್ಕದ ಟೈಲರ್ ಏನಾಯಿತೆಂದು ಇಣುಕಿ ನೋಡಿ, ಅತ್ತೆ ಸೊಸೆ ಒಟ್ಟಿಗೆ ನಗುವುದನ್ನು ಕಂಡು, ಏನೂ ಅರ್ಥವಾಗದೆ ವಾಪಸ್ ಹೋದರು.

ಮಾರನೇ ಬೆಳಿಗ್ಗೆ ಎಂದಿನಂತೆ ಕಷಾಯದ ಲೋಟ ಕೊಟ್ಟೆ. ಅತ್ತೆ ಅದನ್ನು ಹಿಡಿದು, ಮೂಸಿ ನೋಡಿ, ಬೇಕೆಂದೇ ಒಂದು ಕ್ಷಣ ತಡೆದು ನನ್ನ ಮುಖ ನೋಡಿದರು. ಆಮೇಲೆ ಒಂದು ಗುಟುಕು ಕುಡಿದರು.

"ಇನ್ನೊಂದು ಬರಿ," ಎಂದರು. "ಈ ಸಲ ನಾನು ಸಾಯಲ್ಲ. ಕೊಲೆ ನಾನೇ ಮಾಡ್ತೀನಿ. ಮೊದಲನೇ ಪುಟದಿಂದ ಕೊನೇ ಪುಟದ ತನಕ ಇರ್ತೀನಿ, ಮಾತೂ ಜಾಸ್ತಿ ಇರ್ಲಿ."

"ಆಗ್ಲಿ ಅತ್ತೆ. ಯಾರನ್ನ ಕೊಲ್ತೀರಿ?"

ಅತ್ತೆ ಯೋಚಿಸಿದರು. ಇಲ್ಲಿ ಒಂದು ಮಾತು ಹೇಳಬೇಕು. ನನ್ನ ತಾಯಿ ಹುಳಿಮಾವಿನಲ್ಲಿದ್ದಾರೆ. ಹಬ್ಬಕ್ಕೆ ಬಂದಾಗಲೆಲ್ಲ ಅತ್ತೆ ಮಾಡಿದ ಹೋಳಿಗೆ ತಿಂದು, "ತುಂಬಾ ಚೆನ್ನಾಗಿದೆ, ಸ್ವಲ್ಪ ಗಟ್ಟಿ ಅಷ್ಟೆ," ಎಂದು ಇಪ್ಪತ್ತೆರಡು ವರ್ಷದಿಂದ ಹೊಗಳುತ್ತಾ ಬಂದಿದ್ದಾರೆ. ಆವತ್ತು ಮಧ್ಯಾಹ್ನವೂ ಹಬ್ಬದ ಊಟಕ್ಕೆ ಬರುವವರಿದ್ದರು. ಹೂರಣ ಆಗಲೇ ರುಬ್ಬಿ ಇಟ್ಟಾಗಿತ್ತು.

ಅತ್ತೆ ಕಷಾಯ ಮುಗಿಸಿ, ಲೋಟವನ್ನು ತಾವೇ ತೊಳೆದು, ಒರೆಸಿ, ಕಪಾಟಿನಲ್ಲಿ ಇಟ್ಟರು. ಕಲೆ ಬೀಳದಂತೆ ಕಿಟಕಿಯನ್ನೂ ಒಮ್ಮೆ ಒರೆಸಿದರು. ಆಮೇಲೆ ಕೇಳಿದರು:

"ನಿಮ್ಮಮ್ಮ ಕಾದಂಬರಿ ಓದ್ತಾರಾ?"

"ಇಲ್ಲ ಅತ್ತೆ. ಅವರದ್ದು ಬರೀ ಸೀರಿಯಲ್ಲು."

"ಹಾಗಾದ್ರೆ ತೊಂದರೆ ಇಲ್ಲ," ಎಂದರು ಅತ್ತೆ. "ಅವರನ್ನೇ ಇಟ್ಕೋ."